ಸ್ವಾತಿ ಮಳೆಯ ಹೊತ್ತಿನಲ್ಲಿ ಮಲೆನಾಡಿನ ವಲಸೆ ಹಕ್ಕಿಗಳು

ಶಿವಮೊಗ್ಗ ಜಿಲ್ಲೆಗೆ ಹಕ್ಕಿ ನೋಡಲು ಹೊರಡುವವರು ಸಾಮಾನ್ಯವಾಗಿ ಮಂಡಗದ್ದೆ ಮತ್ತು ಗುಡವಿ ಪಕ್ಷಿಧಾಮಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕಳೆದ ವರ್ಷ ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆಯ ವಾರದಲ್ಲಿ, ನಾಲ್ಕು ದಿನ ಆ ಕಡೆ ತಿರುಗಾಡಿದ ನನಗೆ ದೂರದಿಂದ ಬಂದ ಹಕ್ಕಿಗಳು ಹೆಚ್ಚಾಗಿ ಕಂಡದ್ದು ಅಡಿಕೆ ತೋಟಗಳಲ್ಲಿ ಮತ್ತು ಅವುಗಳ ಬೆನ್ನಿಗಿರುವ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಲ್ಲಿ.

ಮಂಡಗದ್ದೆಯು ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ನಾನು ಹೋದಾಗ ಬಹುಪಾಲು ಗೂಡುಗಳು ಬರಿದಾಗಿದ್ದವು. ಗೂಡುಗಳನ್ನೇ ನೋಡಬೇಕೆಂದಿದ್ದರೆ ಆಗಸ್ಟ್‌ನಲ್ಲಿ ಹೋಗುವುದು ಒಳ್ಳೆಯದು. ಸೊರಬದಿಂದ ಸುಮಾರು 16 ಕಿ.ಮೀ. ದೂರದ ಗುಡವಿಯಲ್ಲಿ ಬಿಳಿ ಕೆಂಬರಲುಗಳು ಇನ್ನೂ ಇದ್ದವಾದ್ದರಿಂದ ಅಲ್ಲಿಗೆ ಒಂದು ಬೆಳಗನ್ನು ಮೀಸಲಿಡಬಹುದು.

ಉಳಿದ ದಿನಗಳನ್ನು ತೀರ್ಥಹಳ್ಳಿ ಸಮೀಪದ ಒಂದು ತೋಟದ ಮನೆಯಲ್ಲಿ ಕಳೆದೆ. ಬಸಿಗಾಲುವೆಯ ಅಂಚಿನಲ್ಲಿ ಬೂದು ಸಿಪಿಲೆಯೊಂದು ಬಾಲ ಕುಣಿಸುತ್ತಾ, ನಾಲ್ಕು ಹೆಜ್ಜೆ ಓಡಿ, ನಿಂತು, ಕೊಳೆತ ಅಡಿಕೆ ಹಾಳೆಯ ಅಡಿಯಿಂದ ಹುಳು ಹೆಕ್ಕುವುದನ್ನು ಅರ್ಧ ಗಂಟೆ ನೋಡಿದೆ. ಹಿಮಾಲಯದ ಅಥವಾ ಅದಕ್ಕೂ ಉತ್ತರದ ತೊರೆಗಳಲ್ಲಿ ಮರಿ ಮಾಡುವ ಈ ಹಕ್ಕಿಯ ತೂಕ ಇಪ್ಪತ್ತು ಗ್ರಾಂ ಆಸುಪಾಸು ಎಂಬುದು ಎಷ್ಟು ಸಲ ನೆನೆದರೂ ನನಗೆ ಸೋಜಿಗವೇ.

ಮೂರನೆಯ ದಿನ ಬೆಳಿಗ್ಗೆ ಮನೆಯ ಯಜಮಾನರು, 'ಬನ್ನಿ ಇಲ್ಲಿ, ಜಗಲಿ ಮೇಲೊಂದು ಹಕ್ಕಿ ಬಿದ್ದಿದೆ' ಎಂದು ಕರೆದರು. ಅದು ನವರಂಗ ಎಂಬ ವಲಸೆ ಹಕ್ಕಿ. ಹಸಿರು ಬೆನ್ನು, ರೆಕ್ಕೆಯ ಬುಡದಲ್ಲಿ ಹೊಳೆಯುವ ನೀಲಿ, ಮೋಟು ಬಾಲದ ಕೆಳಗೆ ಕುಂಕುಮದಂಥ ಕೆಂಪು. ಕಣ್ಣು ಅರ್ಧ ಮುಚ್ಚಿತ್ತು. ರಾತ್ರಿ ಹೊತ್ತು ಪಯಣಿಸುವ ಈ ಹಕ್ಕಿಗಳು ದೀಪದ ಬೆಳಕಿಗೆ ದಾರಿ ತಪ್ಪಿ ಮನೆಗಳಿಗೆ ನುಗ್ಗುವುದೂ ಕಿಟಕಿಯ ಗಾಜಿಗೆ ಬಡಿದು ಬೀಳುವುದೂ ಉಂಟು. ಇಂಥದ್ದು ನಿಮ್ಮ ಕಣ್ಣಿಗೆ ಬಿದ್ದರೆ ಬಾಯಿಗೆ ನೀರು ಹಾಕಬೇಡಿ, ಕೈಯಲ್ಲಿ ಹಿಡಿದು ಫೋಟೋ ತೆಗೆಯಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ನಾವು ಹಾಗೆಯೇ ಮಾಡಿ, ಎರಡು ತಾಸಿನ ನಂತರ ಪೆಟ್ಟಿಗೆಯನ್ನು ಬೆಟ್ಟದ ಬುಡಕ್ಕೆ ಒಯ್ದು ಮುಚ್ಚಳ ತೆರೆದಾಗ, ಅದು ಕ್ಷಣಕಾಲ ಕುಳಿತಿದ್ದು, ದರಗಿನ (ಒಣಗಿ ಉದುರಿದ ಎಲೆಗಳ) ಮೇಲೆ ಕುಪ್ಪಳಿಸುತ್ತಾ ಪೊದೆಯೊಳಕ್ಕೆ ಹೋಯಿತು.

ಹೋಗುವವರು ಕೊಡೆಯನ್ನೂ, ಉಂಬಳಕ್ಕೆ (ಕಾಡಿನ ಜಿಗಣೆಗೆ) ಸುಣ್ಣ ಅಥವಾ ಉಪ್ಪನ್ನೂ ಮರೆಯಬಾರದು. ಬೆಳಕು ಹರಿದ ಮೊದಲ ಎರಡು ತಾಸು ತೋಟದಲ್ಲಿದ್ದರೆ ಸಾಕು. ಆದರೆ ಅಡಿಕೆ ಕೊನೆ (ಗೊನೆ) ಕೊಯ್ಲಿನ ಸಮಯವಾದ್ದರಿಂದ ಮನೆಯವರನ್ನು ಕೇಳದೆ ಒಳಗೆ ಕಾಲಿಡಬಾರದು. ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ: ಹಾರಿ ದಣಿದು ಬಂದ ಜೀವಕ್ಕೆ ಅದು ಸುಮ್ಮನೆ ಕೊಡುವ ತೊಂದರೆ. ನವರಂಗವಂತೂ ಮುಂಜಾನೆ ಮತ್ತು ಮುಸ್ಸಂಜೆ ತಾನಾಗಿಯೇ ಎರಡು ಸ್ವರದಲ್ಲಿ ಸಿಳ್ಳೆ ಹಾಕುತ್ತದೆ. ನಾನು ಹೊರಡುವ ದಿನ ಬೆಳಿಗ್ಗೆ ಆರರ ಸುಮಾರಿಗೆ, ಪೆಟ್ಟಿಗೆ ತೆರೆದ ಆ ಬೆಟ್ಟದ ಕಡೆಯಿಂದಲೇ ಅದು ಕೇಳಿಸಿತು.