ಬರೀ ತಿಂಡಿ ತಿನ್ನೋಕೆ ವಿಮಾನದಲ್ಲಿ ಹೋಗ್ತೀರಾ?

"ಅಲ್ಲಪ್ಪಾ, ಒಂದು ಪ್ಲೇಟ್ ತಿಂಡಿಗೋಸ್ಕರ ವಿಮಾನ ಹತ್ತಿ ನೂರು ಮೈಲಿ ಹೋಗ್ತೀರಾ?" ಕನ್ನಡ ಕೂಟದ ಊಟದ ಸಾಲಿನಲ್ಲಿ, ಆಫೀಸಿನ ಕಾಫಿ ಮೆಷಿನ್ ಹತ್ತಿರ, ಊರಿಂದ ಬರುವ ಫೋನಿನಲ್ಲಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಕೆಲವರಿಗೆ ಕುತೂಹಲ, ಕೆಲವರಿಗೆ ನಗು. ನಮ್ಮ ದೊಡ್ಡಮ್ಮನಿಗೆ ಮಾತ್ರ ಚಿಂತೆ: "ದುಡ್ಡು ಜಾಸ್ತಿ ಆಯ್ತೇನೋ ನಿಂಗೆ?"

ಹೌದು, ಹೋಗ್ತೀವಿ. ತಿಂಗಳಿಗೊಮ್ಮೆ, ಹವೆ ಚೆನ್ನಾಗಿದ್ದರೆ. ದುಡ್ಡಿನ ವಿಷಯ ಆಮೇಲೆ ಹೇಳುತ್ತೇನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆ. ಹವ್ಯಾಸಕ್ಕೆ ವಿಮಾನ ಹಾರಿಸುವವರ ಕ್ಲಬ್ಬೊಂದರ ಸದಸ್ಯ. ನಮ್ಮಲ್ಲಿ ಏರ್‌ಲೈನ್ ಪೈಲಟ್‌ಗಳು ಯಾರೂ ಇಲ್ಲ. ಹಲ್ಲಿನ ಡಾಕ್ಟರು, ಪ್ಲಂಬರು, ನಿವೃತ್ತ ಮೇಷ್ಟ್ರು, ಮತ್ತೆ ನನ್ನ ಹಾಗೆ ಕಂಪ್ಯೂಟರ್ ಮುಂದೆ ಕೂತು ಬೆನ್ನು ನೋಯಿಸಿಕೊಂಡವರು. ನಾವು ಜಾಸ್ತಿ ಹಾರಿಸುವುದು ಸೆಸ್ನಾ 172. ಒಂದೇ ಇಂಜಿನ್, ನಾಲ್ಕು ಸೀಟು. 1956ರಿಂದ ಮಾರುಕಟ್ಟೆಯಲ್ಲಿದೆ, ಇವತ್ತಿಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಜಗತ್ತಿನಲ್ಲಿ ಬೇರಾವ ವಿಮಾನವನ್ನೂ ಇಷ್ಟು ಸಂಖ್ಯೆಯಲ್ಲಿ ಮಾಡಿಲ್ಲ.

ಲೈಸೆನ್ಸ್ ಸಿಕ್ಕಿದ ಹೊಸದರಲ್ಲಿ ಎಲ್ಲರೂ ಮಾಡುವುದು ಒಂದೇ. ಮೊದಲು ಹೆಂಡತಿ ಅಥವಾ ಗಂಡ, ಆಮೇಲೆ ಮಕ್ಕಳು, ಆಮೇಲೆ ಗೆಳೆಯರು. ಎಲ್ಲರಿಗೂ ಗೋಲ್ಡನ್ ಗೇಟ್ ಸೇತುವೆ ತೋರಿಸಿ ವಾಪಸ್. ಒಂದು ವರ್ಷದೊಳಗೆ ತೋರಿಸಬೇಕಾದವರು ಮುಗಿಯುತ್ತಾರೆ. ಅದೇ ಗುಡ್ಡ, ಅದೇ ಕೊಲ್ಲಿ, ಅದೇ ರನ್‌ವೇ. ಹೋಗೋಕೆ ಕಾರಣವೇ ಇರುವುದಿಲ್ಲ. ಎಷ್ಟೋ ಜನ ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಅಷ್ಟು ಕಷ್ಟಪಟ್ಟು ಕಲಿತ ವಿದ್ಯೆ, ಸುಮ್ನೆ ಪರ್ಸಿನಲ್ಲಿ ಒಂದು ಕಾರ್ಡಾಗಿ ಉಳಿಯುತ್ತದೆ.

ತಿಂಡಿ ಕೆಲಸಕ್ಕೆ ಬರುವುದು ಇಲ್ಲೇ. ಶನಿವಾರ ಹತ್ತು ಗಂಟೆಗೆ ಇಂಥ ಕಡೆ ಸೇರೋಣ ಅಂದರೆ ಹೋಗೋಕೆ ಒಂದು ಕಾರಣ ಸಿಗುತ್ತದೆ. ಬೇರೆ ರನ್‌ವೇ, ಬೇರೆ ಗಾಳಿ. ಹಿಂದಿನ ರಾತ್ರಿ ನಕ್ಷೆ ನೋಡಬೇಕು, ಇಂಧನದ ಲೆಕ್ಕ ಹಾಕಬೇಕು. ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನದೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕು ಅನ್ನುತ್ತದೆ ಅಮೆರಿಕದ ಕಾನೂನು. ಅದು ಕನಿಷ್ಠದ ಲೆಕ್ಕ ಅಷ್ಟೇ. ನನ್ನ ಕೇಳಿದರೆ, ಮನೆಯ ರನ್‌ವೇ ಮೇಲೆ ಮೂರು ಸಲ ಇಳಿದವನಿಗಿಂತ ಗೊತ್ತಿಲ್ಲದ ಕಡೆ ಒಂದು ಸಲ ಇಳಿದವನ ಕೈ ಚುರುಕಾಗಿರುತ್ತದೆ.

ಹ್ಯಾರಿಸ್ ರಾಂಚ್ ನೋಡಿ. ಲಾಸ್ ಏಂಜಲೀಸ್‌ಗೆ ಹೋಗುವ ಹೆದ್ದಾರಿ ಪಕ್ಕ, ಕೊಲಿಂಗಾ ಹತ್ತಿರ ಇದೆ. ಕಾರಲ್ಲಿ ಎರಡೂವರೆ ಗಂಟೆ, ವಿಮಾನದಲ್ಲಿ ಒಂದು ಗಂಟೆ. ಹೋಟೆಲಿನ ಪಕ್ಕದಲ್ಲೇ ರನ್‌ವೇ. ಉದ್ದ ಸುಮಾರು 2,800 ಅಡಿ, ಅಗಲ ಬರೀ 30 ಅಡಿ. ಸೆಸ್ನಾ 172ರ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೇ 36 ಅಡಿ! ಚಕ್ರಗಳು ಟಾರಿನ ಮೇಲೆ, ರೆಕ್ಕೆ ತುದಿಗಳು ಹುಲ್ಲಿನ ಮೇಲೆ. ಇಷ್ಟು ಕಿರಿದಾದ ರನ್‌ವೇ ಕಣ್ಣಿಗೆ ಮೋಸ ಮಾಡುತ್ತದೆ. ಅಗಲದ ರನ್‌ವೇ ನೋಡಿ ಅಭ್ಯಾಸವಾದ ಕಣ್ಣಿಗೆ ನಾವಿನ್ನೂ ತುಂಬಾ ಎತ್ತರದಲ್ಲಿದ್ದೇವೆ ಅನಿಸುತ್ತದೆ. ಹಾಗಂತ ಇಳಿಸುತ್ತಾ ಹೋದರೆ ನಿಜಕ್ಕೂ ತೀರಾ ಕೆಳಗೆ ಬಂದಿರುತ್ತೇವೆ. ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ಅಲ್ಲಿ ಇಳಿಯುವಾಗ ಅದು ಅರ್ಥವಾಗುತ್ತದೆ. ಅಂದ ಹಾಗೆ ಆ ಹೋಟೆಲ್ ಹೆಸರುವಾಸಿಯಾಗಿರುವುದು ಸ್ಟೇಕಿಗೆ. ನನ್ನಂಥ ಸಸ್ಯಾಹಾರಿಗೆ ಕರಿದ ಆಲೂಗಡ್ಡೆಯೇ ಗತಿ. ತಿಂಡಿಗೋಸ್ಕರ ಹೋಗ್ತೀರಾ ಅನ್ನುವವರು ನನ್ನ ಪ್ಲೇಟನ್ನು ಒಮ್ಮೆ ನೋಡಬೇಕು.

ಇನ್ನೊಂದು ಜಾಗ ಕೊಲಂಬಿಯಾ. ಸಿಯೆರಾ ಬೆಟ್ಟಗಳ ತಪ್ಪಲಿನಲ್ಲಿದೆ. 1850ರಲ್ಲಿ ಚಿನ್ನ ಸಿಕ್ಕಿ ಹುಟ್ಟಿದ ಊರು, ಈಗ ಅದೇ ಒಂದು ಸ್ಟೇಟ್ ಪಾರ್ಕ್. ವಿಮಾನ ನಿಲ್ಲಿಸಿ ನಡೆದೇ ಊರೊಳಕ್ಕೆ ಹೋಗಬಹುದು. ಪೈಲಟ್‌ಗಳಿಗೆ ಟೆಂಟ್ ಹಾಕಲು ವಿಮಾನ ನಿಲ್ದಾಣದಲ್ಲೇ ಜಾಗ ಇದೆ. ಸುಮಾರು 2,100 ಅಡಿ ಎತ್ತರದ ಊರು, ಬೇಸಿಗೆಯಲ್ಲಿ ಬಿಸಿಲು ವಿಪರೀತ. ಬಿಸಿ ಗಾಳಿ ತೆಳು. ತೆಳು ಗಾಳಿಯಲ್ಲಿ ಇಂಜಿನ್ನಿಗೂ ಶಕ್ತಿ ಕಡಿಮೆ, ರೆಕ್ಕೆಗೂ ಕಡಿಮೆ. ಟೇಕಾಫ್‌ಗೆ ಜಾಸ್ತಿ ಓಡಬೇಕು, ಮೇಲೇರುವುದೂ ನಿಧಾನ. ಅದಕ್ಕೇ ಅಲ್ಲಿಂದ ಊಟ ಮುಗಿಸಿ ಮಧ್ಯಾಹ್ನ ಹೊರಡುವುದಕ್ಕಿಂತ ರಾತ್ರಿ ಉಳಿದು ಬೆಳಿಗ್ಗೆ ಹೊರಡುವುದು ಜಾಣತನ. ನಮ್ಮ ಕ್ಲಬ್ಬಿನ ಒಳ್ಳೆಯ ಮಾತುಕತೆಗಳೆಲ್ಲ ಆಗಿರುವುದು ಅಲ್ಲಿನ ಟೆಂಟುಗಳ ಮುಂದೆ. ಯಾರು ಎಲ್ಲಿ ಹೆದರಿದರು, ಯಾವ ಶಬ್ದ ಕೇಳಿ ವಾಪಸ್ ತಿರುಗಿಸಿದರು, ರೇಡಿಯೋದಲ್ಲಿ ಏನು ತಪ್ಪು ಹೇಳಿ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಹತ್ತಿರ ಬೈಸಿಕೊಂಡರು. ಇದನ್ನೆಲ್ಲ ಯಾವ ಇನ್‌ಸ್ಟ್ರಕ್ಟರೂ ಹೇಳಿಕೊಡುವುದಿಲ್ಲ. ನಾನು ಹಂಚಿದ ಕೋಡುಬಳೆಗೂ ಅಲ್ಲಿ ಒಂದು ಹೆಸರಿದೆ, ಬಿಡಿ.

ಕುಡಿತದ ಬಗ್ಗೆಯೂ ಕೇಳುತ್ತಾರೆ. ಕೊನೆಯ ಗುಟುಕಿನಿಂದ ಎಂಟು ಗಂಟೆ ಕಳೆಯದೆ ವಿಮಾನ ಮುಟ್ಟುವ ಹಾಗಿಲ್ಲ. ಎಂಟು ಕಳೆದರೂ ಅಮಲು ಉಳಿದಿದ್ದರೆ ಹಾರುವ ಹಾಗಿಲ್ಲ. ಹಾಗಾಗಿ ನಮ್ಮ ಹಗಲಿನ ಕೂಟಗಳು ಕಾಫಿಯ ಮೇಲೇ ನಡೆಯುತ್ತವೆ.

ಸಾಲಾಗಿ ಹಕ್ಕಿಗಳ ಹಾಗೆ ಒಟ್ಟಿಗೆ ಹಾರಿ ಹೋಗ್ತೀರಾ ಅಂತಲೂ ಕೇಳುವವರಿದ್ದಾರೆ. ಖಂಡಿತ ಇಲ್ಲ. ಹತ್ತಿರ ಹತ್ತಿರ ಹಾರುವುದಕ್ಕೆ ಬೇರೆ ತರಬೇತಿ ಬೇಕು, ಮೊದಲೇ ಮಾತಾಡಿಕೊಂಡಿರಬೇಕು. ನಾವು ಒಬ್ಬರಾದ ಮೇಲೆ ಒಬ್ಬರು, ಕೆಲವು ನಿಮಿಷ ಬಿಟ್ಟು ಹೊರಡುತ್ತೇವೆ. ವೇಗದ ವಿಮಾನ ಮೊದಲು, ನಿಧಾನದ್ದು ಕೊನೆಗೆ. ಆಗ ಯಾರೂ ಯಾರನ್ನೂ ಹಿಂದೆ ಹಾಕಬೇಕಾಗಿಲ್ಲ. ದಾರಿಯಲ್ಲಿ ಹರಟೆ ಬೇಕಾದರೆ ವಿಮಾನದಿಂದ ವಿಮಾನಕ್ಕೆ ಮಾತಾಡಲೆಂದೇ 122.75 ಅನ್ನುವ ಫ್ರೀಕ್ವೆನ್ಸಿ ಇದೆ.

ಈ ಗುಂಪಿನ ಪ್ರವಾಸಗಳಲ್ಲಿ ನನಗೆ ಇಷ್ಟವಾಗದ ಒಂದು ವಿಷಯವೂ ಇದೆ. ಎಲ್ಲರೂ ಹೋಗ್ತಿದ್ದಾರಲ್ಲ, ನಾನೂ ಹೋಗ್ತೀನಿ ಅನ್ನುವ ಮನಸ್ಸು. ಸಣ್ಣ ವಿಮಾನಗಳಿಗೆ ಇದು ನಿಜಕ್ಕೂ ಅಪಾಯ. ಹಾಫ್ ಮೂನ್ ಬೇ ನಮಗೆ ಹತ್ತಿರದ ಜಾಗ. ಸಮುದ್ರದ ದಂಡೆಯಲ್ಲೇ ರನ್‌ವೇ, ಇಳಿದು ನಡೆದರೆ ಬಂದರು. ಬೇಸಿಗೆಯಲ್ಲಿ ಸಮುದ್ರದಿಂದ ಮಂಜು ಒಳಗೆ ಬರುತ್ತದೆ. ಎಷ್ಟೋ ದಿನ ಮಧ್ಯಾಹ್ನದ ತನಕ ಸರಿಯುವುದಿಲ್ಲ. ಬೆಟ್ಟದ ಈ ಕಡೆ ಆಕಾಶ ತಿಳಿ, ಆ ಕಡೆ ಬಿಳಿ ಮುಸುಕು. ಕಣ್ಣಿಗೆ ಕಾಣುವುದನ್ನು ನಂಬಿ ಹಾರುವ ನಮ್ಮಂಥವರು ಅದರೊಳಗೆ ನುಗ್ಗಬಾರದು. ಆದರೆ ಮೂರು ಜನ ಮೊದಲೇ ಇಳಿದು ಮೀನು ತಿನ್ನುತ್ತಿದ್ದಾರೆ ಅಂತ ಗೊತ್ತಾದರೆ ನಾಲ್ಕನೆಯವನಿಗೆ ಕೈ ತುರಿಸುತ್ತದೆ.

ನಮ್ಮ ಕ್ಲಬ್ಬಿನಲ್ಲಿ ಇದಕ್ಕೊಂದು ಪದ್ಧತಿ ಇದೆ. ಪ್ರತಿ ಪ್ರವಾಸಕ್ಕೂ ಒಂದೆರಡು ಕಾರು ಹೊರಡುತ್ತವೆ, ವಿಮಾನ ಹಾರಿಸದ ಮನೆಯವರಿಗೆ, ಸೀಟು ಸಿಗದವರಿಗೆ. ಹವೆ ನೋಡಿ ಬೇಡ ಅಂದುಕೊಂಡ ಪೈಲಟ್ ಆ ಕಾರು ಹತ್ತಬಹುದು. ಹಾಗೆ ಬಂದವರಿಗೆ ಮೊದಲ ಪ್ಲೇಟು. ಅರ್ಧ ದಾರಿಯಿಂದ ತಿರುಗಿಸಿ ಮನೆಗೆ ಹೋದವರ ಹೆಸರು ಹೇಳಿ ಮುಂದಿನ ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಮಕ್ಕಳಾಟ ಅನಿಸಬಹುದು. ಆದರೆ ಯಾವುದಾದರೂ ಕ್ಲಬ್ ಸೇರುವ ಮೊದಲು ಇದನ್ನೇ ವಿಚಾರಿಸಿ ಅನ್ನುತ್ತೇನೆ: ವಾಪಸ್ ತಿರುಗಿದವರನ್ನು ಇಲ್ಲಿ ಗೇಲಿ ಮಾಡ್ತಾರಾ? ಹೌದು ಅಂದರೆ ಅಲ್ಲಿನ ವಿಮಾನ ಎಷ್ಟೇ ಹೊಸದಿರಲಿ, ನನಗೆ ಬೇಡ.

ಇಂಥ ಕೂಟಗಳಿಗೆಲ್ಲ ದೊಡ್ಡ ಜಾತ್ರೆ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್‌ನಲ್ಲಿ ಪ್ರತಿ ಜುಲೈ ಕೊನೆಯಲ್ಲಿ ನಡೆಯುತ್ತದೆ. ಮನೆಯಲ್ಲೇ ವಿಮಾನ ಕಟ್ಟುವವರಿಗಾಗಿ ಪಾಲ್ ಪೊಬೆರೆಜ್ನಿ 1953ರಲ್ಲಿ ಹುಟ್ಟುಹಾಕಿದ ಸಂಘ ಇಎಎ. ಅವರ ಮೇಳ 1970ರಿಂದ ಅಲ್ಲೇ ಇದೆ. ಆ ವಾರ ಸುಮಾರು 10,000 ವಿಮಾನ ಆ ಕಡೆಗೆ ಬರುತ್ತವೆ. ಪೈಲಟ್‌ಗಳು ರಿಪನ್ ಅನ್ನುವ ಊರಿನಿಂದ ರೈಲು ಹಳಿ ಹಿಡಿದು ಒಬ್ಬರ ಹಿಂದೆ ಒಬ್ಬರು 90 ನಾಟ್ (ಗಂಟೆಗೆ ಸುಮಾರು 167 ಕಿ.ಮೀ.) ವೇಗದಲ್ಲಿ ಹೋಗಬೇಕು. ರೇಡಿಯೋದಲ್ಲಿ ಉತ್ತರ ಕೊಡುವಂತಿಲ್ಲ. ಫಿಸ್ಕ್ ಎಂಬ ಪುಟ್ಟ ಊರಲ್ಲಿ ನಿಂತ ಕಂಟ್ರೋಲರ್ ವಿಮಾನದ ಬಣ್ಣ ನೋಡಿ ಕರೆದು ರೆಕ್ಕೆ ಅಲ್ಲಾಡಿಸಿ ಅಂದರೆ ಅಲ್ಲಾಡಿಸಬೇಕು, ಅದೇ ಉತ್ತರ. ರನ್‌ವೇ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ, ಹೇಳಿದ ಚುಕ್ಕೆಯ ಮೇಲೆ ಇಳಿಯಬೇಕು. ಆಮೇಲೆ ರೆಕ್ಕೆ ಕೆಳಗೆ ಟೆಂಟ್ ಹಾಕಿ ಮಲಗುವುದು.

ಬೆಂಗಳೂರಲ್ಲಿ ಯಾಕೆ ಹೀಗಿಲ್ಲ ಅಂತ ಜಕ್ಕೂರಿನ ಪಕ್ಕದಲ್ಲಿ ಬೆಳೆದ ಗೆಳೆಯನೊಬ್ಬ ಕೇಳುತ್ತಿರುತ್ತಾನೆ. ಜಕ್ಕೂರಿನ ವಿಮಾನ ತರಬೇತಿ ಶಾಲೆಯಲ್ಲಿ ಕಲಿಯಬಹುದು, ಕಲಿತು ಎಲ್ಲಿಗೆ ಹೋಗೋದು ಅನ್ನುವುದೇ ಪ್ರಶ್ನೆ. ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳೇ ಸುಮಾರು 5,000 ಇವೆ. ಒಳ್ಳೆಯ ಹವೆಯಲ್ಲಿ, ದೊಡ್ಡ ನಿಲ್ದಾಣಗಳ ಆಕಾಶ ಬಿಟ್ಟು, ಯಾರಿಗೂ ಹೇಳದೆ ಹೊರಡಬಹುದು. ಭಾರತದಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹಾರಬೇಕಾದರೆ ಮೊದಲೇ ಫ್ಲೈಟ್ ಪ್ಲಾನ್ ಕೊಡಬೇಕು, ವಾಯು ರಕ್ಷಣೆಯವರ ಅನುಮತಿ ಸಂಖ್ಯೆ ಪಡೆಯಬೇಕು. ಮಸಾಲೆ ದೋಸೆಗೆ ಅಷ್ಟೆಲ್ಲ ಯಾರು ಮಾಡ್ತಾರೆ?

ಈಗ ದುಡ್ಡು. ಇಲ್ಲಿನ ಪೈಲಟ್‌ಗಳು ತಮಾಷೆಗೆ ನೂರು ಡಾಲರಿನ ಬರ್ಗರ್ ಅನ್ನುತ್ತಾರೆ. ಅದು ಹಳೇ ರೇಟು. ನಮ್ಮ ಕಡೆ ಬಾಡಿಗೆಗೆ ತೆಗೆದುಕೊಂಡರೆ ಗಂಟೆಗೆ 200 ಡಾಲರ್ ಆಸುಪಾಸು. ಹ್ಯಾರಿಸ್ ರಾಂಚಿಗೆ ಹೋಗಿ ಬಂದರೆ ಆಲೂಗಡ್ಡೆಯ ಬೆಲೆ ನೀವೇ ಲೆಕ್ಕ ಹಾಕಿ. ದೊಡ್ಡಮ್ಮನಿಗೆ ನಾನು ಪೂರ್ತಿ ಹೇಳಿಲ್ಲ. ಇಂಧನ, ಬಾಡಿಗೆಯಂಥ ಖರ್ಚನ್ನು ಜೊತೆಗೆ ಬಂದವರ ಹತ್ತಿರ ಹಂಚಿಕೊಳ್ಳಲು ಕಾನೂನು ಬಿಡುತ್ತದೆ. ಆದರೆ ಪೈಲಟ್ ತನ್ನ ಸಮಪಾಲು ಕೊಡಲೇಬೇಕು. ನಾಲ್ಕು ಜನ ಇದ್ದರೆ ಕಾಲು ಭಾಗ ನನ್ನದು. ಲಾಭ ಮಾಡುವ ಮಾತೇ ಇಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನ ಮಾತು ಬಂದೇ ಬರುತ್ತದೆ: "ಹಾಗಾದ್ರೆ ನಮ್ಮನ್ನೂ ಒಂದ್ಸಲ ಕರ್ಕೊಂಡು ಹೋಗಿ." ಸಂತೋಷ, ಬನ್ನಿ. ಆದರೆ ನಿಮ್ಮ ತೂಕ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ನಿಜ ಹೇಳಿ. ಟ್ಯಾಂಕ್ ಪೂರ್ತಿ ತುಂಬಿಸಿದರೆ ನಾಲ್ಕು ದೊಡ್ಡವರನ್ನು ಹೊರುವ ಶಕ್ತಿ ಸಾಮಾನ್ಯವಾಗಿ ನಮ್ಮ ಸೆಸ್ನಾಗೆ ಇರುವುದಿಲ್ಲ. ಬ್ಯಾಗು ಚಿಕ್ಕದಿರಲಿ. ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ ನನ್ನನ್ನು ಮಾತಾಡಿಸಬೇಡಿ, ಪಕ್ಕದಲ್ಲಿ ಬೇರೆ ವಿಮಾನ ಕಂಡರೆ ಮಾತ್ರ ತಕ್ಷಣ ಹೇಳಿ. ಮತ್ತೆ ಅವತ್ತು ಸಂಜೆಗೆ ಮದುವೆ ರಿಸೆಪ್ಷನ್ ಗಿಸೆಪ್ಷನ್ ಇಟ್ಟುಕೊಳ್ಳಬೇಡಿ. ಗಾಳಿ ಕೆಟ್ಟರೆ ಅಲ್ಲೇ ರೂಮ್ ಹಿಡಿದು ಮಲಗಬೇಕಾಗುತ್ತದೆ, ಒಂದು ಟೂತ್‌ಬ್ರಷ್ ಇಟ್ಟುಕೊಂಡೇ ಬನ್ನಿ.