ಬದು ಯಾರು ಹಾಕ್ತಾರ?

ಪಂಚಮಿಗೆ ಅಕ್ಕನ ಮಗ ಊರಿಗೆ ಬಂದಿದ್ದ. ಕರಾವಳಿಯ ಒಂದು ಸರಕಾರಿ ಹಡಗುಕಟ್ಟೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ವೆಲ್ಡರ್. ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದಾಗ ನೋಡಿದೆ, ಮುಂಗೈ ತುಂಬ ಕಿಡಿ ಸಿಡಿದ ಕಪ್ಪು ಚುಕ್ಕೆ. ಹುಡುಗ ಜಾಣ. ಅರ್ಧ ಗೊತ್ತಿದ್ದದ್ದನ್ನು ಪೂರ್ತಿ ಗೊತ್ತಿದ್ದವರ ಹಾಗೆ ಹೇಳುವ ಚಟ ಮಾತ್ರ ನಮ್ಮ ಮನೆತನದ್ದೇ.

ಕಟ್ಟೆ ಮೇಲೆ ಕೂತು ಶೇಂಗಾ ಉಂಡಿ ತಿನ್ನುತ್ತ ಶುರು ಮಾಡಿದ. "ಯುದ್ಧದ ಹಡಗು ಕಟ್ಟೋ ಸರಕಾರಿ ಯಾರ್ಡು ಎಲ್ಲಾ ಖಾಸಗಿಯವ್ರಿಗೆ ನಡಸಾಕ ಕೊಡಬೇಕು ಮಾಮಾ. ಮಾರೂದಲ್ಲ ಮತ್ತ. ಜಾಗಾ ಸರಕಾರದ್ದ, ನೀರು ಹೊರಗ ಹಾಕಿ ಹಡಗು ನಿಲ್ಲಸೂ ಡ್ರೈಡಾಕು ಸರಕಾರದ್ದ, ಕ್ರೇನೂ ಸರಕಾರದ್ದ. ನಡಸೂದಷ್ಟ ಅವ್ರು."

ಅಪ್ಪ ಉಂಡಿ ಮುರಿಯುವುದನ್ನು ನಿಲ್ಲಿಸಿದ. "ಅಂದ್ರ ಹೊಲ ಲೀಜಿಗೆ ಕೊಟ್ಟಂಗ. ಬದು ಯಾರು ಹಾಕ್ತಾರ?"

"ಅಜ್ಜಾ, ಅಲ್ಲಿ ಬದು ಇರಂಗಿಲ್ಲ, ಸಮುದ್ರ ಇರತೈತಿ" ಅಂತ ಹುಡುಗ ನಕ್ಕ. ನಾನೂ ನಕ್ಕೆ. ಅಪ್ಪ ನಗಲಿಲ್ಲ.

ಹುಡುಗನ ಮಾತು ಪೂರ್ತಿ ಪೊಳ್ಳಲ್ಲ. ಸಿಂಧುಕೀರ್ತಿ ಅನ್ನೋ ಜಲಾಂತರ್ಗಾಮಿ 2006ರಲ್ಲಿ ರಿಪೇರಿಗೆಂದು ವಿಶಾಖಪಟ್ಟಣದ ಸರಕಾರಿ ಯಾರ್ಡು ಸೇರಿದ್ದು, ಹೊರಗೆ ಬಂದದ್ದು 2015ರಲ್ಲಿ. ಅದು ಒಳಗೆ ಹೋದಾಗ ಇವನು ಒಂದನೇತ್ತೆ, ಹೊರಬಂದಾಗ ಎಸ್ಸೆಸ್ಸೆಲ್ಸಿ. ಆದರೆ ಖಾಸಗಿಯವರನ್ನು ಇಷ್ಟು ಹೊಗಳುವ ಇವನ ಮೊದಲ ಪಗಾರದಲ್ಲೇ ಗುತ್ತಿಗೆದಾರ ಹೆಲ್ಮೆಟ್ಟಿನ ದುಡ್ಡು ಮುರಿದುಕೊಂಡಿದ್ದ. ಆಗ ಫೋನಿನಲ್ಲಿ ಬೈದದ್ದು ಇವನಿಗೆ ಮರೆತಿದೆ, ನನಗೆ ಮರೆತಿಲ್ಲ.

ಅವನು ವಾಪಸ್ ಹೋದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗಲೂ ಅದೇ: ಬದು ಯಾರು ಹಾಕ್ತಾರ?

ಶುಕ್ರವಾರ ಸಂಜೆ ಹೊಲಕ್ಕೆ ಹೋದೆ. ಅಪ್ಪನ ಮೊಣಕಾಲು ಸೋತ ಮೇಲೆ ನಾಲ್ಕು ಎಕರೆ ಎರಿ ಹೊಲ ಲೀಜಿಗೆ ಕೊಟ್ಟಿದ್ದೇವೆ. ಹೆಸರಿನ ಬೆಳೆ ಚೆನ್ನಾಗಿಯೇ ಬಂದಿತ್ತು. ತೆಗ್ಗಿನ ಮೂಲೆಯಲ್ಲಿ ಮಾತ್ರ ಬದು ಒಡೆದು ಕೊರಕಲು ಬಿದ್ದಿದೆ. ಕೈ ಇಳಿಬಿಟ್ಟರೆ ಮೊಣಕೈವರೆಗೆ ಹೋಗುತ್ತೆ, ತಳದಲ್ಲಿ ಬಿಳಿ ಗರಸು. ಉಳಿದ ಕಡೆ ಕುಂಟೆ ಒತ್ತಿ ಒತ್ತಿ ಬದು ಒಂದು ಗೇಣಾಗಿದೆ. ಲೀಜಿನವನು ಕೆಟ್ಟವನಲ್ಲ, ದುಡ್ಡು ಒಂದು ದಿನ ತಡ ಮಾಡಿದವನಲ್ಲ. ವರ್ಷಾವರ್ಷ ಕರಾರು, ಬರೋ ವರ್ಷ ಹೊಲ ಯಾರ ಕೈಲೋ. ಅವನು ಯಾಕೆ ಮಣ್ಣು ಹೊರಬೇಕು? ಪಹಣಿಯಲ್ಲಿ ಹೆಸರಿದ್ದ ನಾವಾದರೂ ಬಂದು ನೋಡಿದ್ದೆವಾ?

ಹಡಗುಕಟ್ಟೆಗೂ ಬದು ಇದೆ. ಡಾಕಿನ ಗೇಟಿನಿಂದ ನೀರು ಜಿನುಗದ ಹಾಗೆ ನೋಡಿಕೊಳ್ಳೋದು ಬದು. ಹಡಗಿನ ತಳದ ಬೆಸುಗೆಗೆ ಎಕ್ಸ್‌ರೇ ತೆಗೆದು ನೋಡ್ತಾರಂತೆ. ಅದರಲ್ಲಿ ಪಾಸಾಗುವ ಕೈ ತಯಾರಾಗಲು ಹುಡುಗರು ಹಳೇ ವೆಲ್ಡರನ ಹಿಂದೆ ವರ್ಷಗಟ್ಟಲೆ ನಿಲ್ಲಬೇಕು, ಅದೂ ಬದು. ಈ ವರ್ಷದ ಲೆಕ್ಕದಲ್ಲಿ ಇವೆಲ್ಲ ಬರೀ ಖರ್ಚು.

ರಾತ್ರಿ ಅಪ್ಪನಿಗೆ ಬ್ರಿಟನ್ನಿನ ಕತೆ ಹೇಳಿದೆ. ಡೆವನ್‌ಪೋರ್ಟ್, ರೋಸೈತ್ ಅಂತ ಅಲ್ಲಿನ ಎರಡು ನೌಕಾ ಡಾಕ್‌ಯಾರ್ಡು. 1987ರಲ್ಲಿ ಇದೇ ತರಹ, ಆಸ್ತಿ ಸರಕಾರದ್ದೇ ಇರಲಿ ಅಂತ ನಡೆಸಲು ಮಾತ್ರ ಕಂಪನಿಗಳಿಗೆ ಕೊಟ್ಟರು. 1997ರಲ್ಲಿ ನಡೆಸುತ್ತಿದ್ದವರಿಗೇ ಮಾರಿದರು.

"ಹತ್ತು ವರ್ಸಕ್ಕ ಪಹಣಿನೂ ಹೋತನ?" ಅಂದ ಅಪ್ಪ. ಎಲೆಗೆ ಸುಣ್ಣ ಹಚ್ಚಿಕೊಂಡ. "ನಮ್ದು ಲೀಜು ಎಷ್ಟು ವರ್ಸ ಆತು?"

"ಮೂರು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಆದಿತ್ಯವಾರ ಅಲ್ಲನ?" ಅಂದ. ಶನಿವಾರ ಅಂದೆ. "ಹಂಗಾರ ನಾಡಿದ್ದು ಹೊಲಕ್ಕ ಹೋಗೂನು. ಸಲಿಕಿ ಎಲ್ಲೈತಿ ನೋಡು."

ದನದ ಕೊಟ್ಟಿಗೆ, ಅಟ್ಟ, ಹಿತ್ತಲು ಎಲ್ಲ ಹುಡುಕಿದೆ. ಆಮೇಲೆ ನೆನಪಾಯಿತು, ಸಲಿಕೆಯೂ ಲೀಜಿನವನ ಹತ್ತಿರವೇ ಇದೆ.