ಅಪರೂಪದ ಪರಿಚಯ

ಮೂರು ವರ್ಷಗಳಿಂದ ಮಾತೇ ಆಡದಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಇಂದು ಬೆಳಿಗ್ಗೆ ಕರೆ ಮಾಡಿ, ತಮ್ಮ ಪರಿಚಯದ ಹುಡುಗಿಯೊಬ್ಬಳಿಗೆ ಕೆಲಸ ಎಲ್ಲಿ ಸಿಗಬಹುದೆಂದು ಕೇಳಿದರು. ನನಗೆ ಗೊತ್ತಿದ್ದ ಇಬ್ಬರ ಹೆಸರು ಹೇಳುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರು ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದು ಆಗ ನೆನಪಾಯಿತು. ಆಪ್ತರಿಗೆ ತಿಳಿದಿರುವುದು ಬಹುಪಾಲು ನಮಗೂ ತಿಳಿದೇ ಇರುತ್ತದೆ; ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. ‘ನೆಟ್‌ವರ್ಕಿಂಗ್’ ಎಂದೊಡನೆ ವಿಸಿಟಿಂಗ್ ಕಾರ್ಡು ಹಂಚುವವರ ನಗುಮುಖ ಕಣ್ಣಮುಂದೆ ಬಂದು ನನಗೆ ಇಂದಿಗೂ ಮುಜುಗರವಾಗುತ್ತದೆ (ಒಂದು ಕಾಲದಲ್ಲಿ ನಾನೂ ಹಂಚಿದ್ದೇನೆ, ಬಿಡಿ). ಬೆಳಗಿನ ಕರೆಯಲ್ಲಿ ಅಂಥದ್ದೇನೂ ಇರಲಿಲ್ಲ. ಆ ಹುಡುಗಿಯನ್ನು ನಾನು ನೋಡಿಲ್ಲ; ಸಂಜೆ ಅವಳಿಗೆ ಸಂದರ್ಶನಕ್ಕೆ ಕರೆ ಬಂದಿತಂತೆ.